ನಮ್ಮ ಎಸ್ಟೇಟ್ ಕಾರಿನ ಪಿಯುಸಿ

ಪಿಯುಸಿ ಅಂದರೆ ನಮಗೆಲ್ಲ ನೆನಪಾಗುವುದು ನಾವು ಓದುತ್ತಿರುವ ಪಿಯುಸಿ. ಗಾಡಿಗಳಿಗೂ ಒಂದು ಪಿಯುಸಿ ಇದೆ. ಈ ಗಾಡಿಯ ಹೊಗೆ ಮಿತಿಯೊಳಗಿದೆ ಎಂದು ಹೇಳುವ ಪ್ರಮಾಣಪತ್ರ ಅದು. ನಾನು ದ್ವಿತೀಯ ಪಿಯುಸಿಗೆ ಬಂದ ವರ್ಷವೇ ನಮ್ಮ ಮನೆಯ ಹಳೆಯ ಕಾರೂ ತನ್ನ ಪಿಯುಸಿಗೆ ಕೂತಿತು. ಪರೀಕ್ಷೆ-1ರಲ್ಲಿ ಫೇಲಾಗಿ ಪರೀಕ್ಷೆ-2ರಲ್ಲಿ ಪಾಸಾಯಿತು. ಅಲ್ಲಿಯವರೆಗೆ ಬರಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯ ಹಿತ್ತಲಲ್ಲೂ ಒಂದು ಕಾರೋ ಸ್ಕೂಟರೋ ಟಾರ್ಪಾಲಿನ್ ಹೊದ್ದು ನಿಂತಿದ್ದರೆ ಉಪಯೋಗಕ್ಕೆ ಬರಬಹುದು.

ನಮ್ಮ ದಾದಾ ಮದುವೆ ಮನೆಗಳಿಗೆ ಅಡುಗೆ ಮಾಡುವ ಬಾವರ್ಚಿ. 1998ರಲ್ಲಿ ನೋಂದಣಿಯಾದ ಒಂದು ಟಾಟಾ ಎಸ್ಟೇಟ್ ಕಾರನ್ನು ಅವರು 2004ರಲ್ಲಿ ಒಂದೂವರೆ ಲಕ್ಷಕ್ಕೆ ಸೆಕೆಂಡ್ ಹ್ಯಾಂಡ್ ಆಗಿ ಕೊಂಡರು. ಹಿಂದಿನ ಸೀಟು ಮಡಚಿದರೆ ಬಿರಿಯಾನಿಯ ನಾಲ್ಕು ದೇಗ್‌ಗಳು ಅದರಲ್ಲಿ ಕೂರುತ್ತಿದ್ದವು. 2020ರ ಲಾಕ್‌ಡೌನ್‌ನಲ್ಲಿ ಮದುವೆಗಳು ನಿಂತವು, ಗಾಡಿಯೂ ನಿಂತಿತು. ಮದುವೆಗಳು ಮತ್ತೆ ಶುರುವಾದಾಗ ಚಾಚಾ ಹಳದಿ ಬೋರ್ಡಿನ ಸಣ್ಣ ಗೂಡ್ಸ್ ಗಾಡಿ ತಂದರು. ಎಸ್ಟೇಟ್ ಮಾತ್ರ ಉದಯಗಿರಿಯ ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ, ನುಗ್ಗೆ ಮರದ ಕೆಳಗೆ ಉಳಿಯಿತು.

ಕಳೆದ ವರ್ಷ ಏಪ್ರಿಲ್‌ನಲ್ಲಿ ಗುಜರಿಯವರು ಬಂದು 26,000 ರೂಪಾಯಿ ಕೊಡುತ್ತೇವೆ ಎಂದರು. ಅಬ್ಬಾ ಒಪ್ಪಿದರು. ಆಪಾಳ ನರ್ಸಿಂಗ್ ಕಾಲೇಜಿನ ಫೀಸಿಗೆ ಆ ಹಣ ಬೇಕಿತ್ತು. ದಾದಾ ಬೇಡ ಎಂದರು. ಆಶ್ಚರ್ಯವೆಂದರೆ ಇಬ್ಬರ ಬಾಯಲ್ಲೂ ಬಂದದ್ದು ಒಂದೇ ಪದ, ಇಸ್ರಾಫ್. ಅಂದರೆ ದುಂದು, ವ್ಯರ್ಥ ಮಾಡುವುದು. "ಸತ್ತ ಗಾಡಿಗೆ ದುಡ್ಡು ಸುರಿಯುವುದು ಇಸ್ರಾಫ್" ಎಂದು ಅಬ್ಬಾ. "ರಿಪೇರಿಯಾಗುವ ವಸ್ತುವನ್ನು ತೂಕಕ್ಕೆ ಹಾಕುವುದು ಇಸ್ರಾಫ್" ಎಂದು ದಾದಾ. ಕೊನೆಗೆ ಅಬ್ಬಾ ನನ್ನ ಕಡೆ ತಿರುಗಿ, "ನೀನು ಕಾಮರ್ಸ್ ಓದುತ್ತೀಯಲ್ಲ, ಲೆಕ್ಕ ಹಾಕಿ ಹೇಳು" ಎಂದರು. ಹೀಗೆ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು.

ಎಸ್ಟೇಟ್ ಎಂದರೇನು?

ಸಾಮಾನ್ಯ ಕಾರಿನಲ್ಲಿ ಚಾವಣಿ ಹಿಂದಿನ ಸೀಟಿನ ಹತ್ತಿರ ಮುಗಿದು, ಆಮೇಲೆ ಡಿಕ್ಕಿ ಪ್ರತ್ಯೇಕವಾಗಿರುತ್ತದೆ. ಚಾವಣಿಯನ್ನು ಕಾರಿನ ತುದಿಯವರೆಗೂ ಎಳೆದು, ಹಿಂಭಾಗದಲ್ಲಿ ಮೇಲಕ್ಕೆ ಎತ್ತುವ ಬಾಗಿಲು ಇಟ್ಟರೆ ಅದು ಸ್ಟೇಷನ್ ವ್ಯಾಗನ್. ನಮ್ಮಲ್ಲಿ ಇದನ್ನೇ ಎಸ್ಟೇಟ್ ಎಂದು ಕರೆದರು. ಅಂಬಾಸಿಡರ್ ಕಾರಿನಲ್ಲೂ ಎಸ್ಟೇಟ್ ಮಾದರಿ ಇತ್ತು. ಟಾಟಾ ಎಸ್ಟೇಟ್ ಬಂದದ್ದು 1992ರಲ್ಲಿ. ಆಗ ಕಂಪನಿಯ ಹೆಸರು ಟೆಲ್ಕೊ. ಟಾಟಾಮೊಬೈಲ್ ಪಿಕಪ್‌ನ ಅಡಿಪಾಯದ ಮೇಲೆ ಕಟ್ಟಿದ ಈ ಕಾರಿಗೆ 1,948 ಸಿಸಿ ಡೀಸೆಲ್ ಎಂಜಿನ್, ಐದು ಗೇರು.

ನಮ್ಮ ದೇಶದಲ್ಲಿ ಇಂಥ ಕಾರುಗಳು ಹೆಚ್ಚು ಓಡಲಿಲ್ಲ. ಮುಂದೆ ಮಾರುತಿಯ ಬಲೆನೋ ಆಲ್ಟುರಾ, ಸ್ಕೋಡಾದ ಆಕ್ಟೇವಿಯಾ ಕಾಂಬಿ ಬಂದರೂ ನಿಲ್ಲಲಿಲ್ಲ. ಹೆಚ್ಚು ಜನ, ಹೆಚ್ಚು ಸಾಮಾನು ಬೇಕೆಂದವರು 1994ರಲ್ಲಿ ಬಂದ ಸುಮೋ ಕಡೆಗೆ ಹೋದರು. ಆಮೇಲೆ ನಮ್ಮ ಬೆಂಗಳೂರು ರಸ್ತೆಯ ಬಿಡದಿಯಲ್ಲೇ ತಯಾರಾದ ಕ್ವಾಲಿಸ್, 2005ರಿಂದ ಇನ್ನೋವಾ ಆ ಜಾಗ ಹಿಡಿದವು. ಹಾಗಾಗಿ ಎಸ್ಟೇಟ್‌ಗಳು ಇಂದು ರಸ್ತೆಯಲ್ಲಿ ಕಾಣುವುದೇ ಅಪರೂಪ. ಅಪರೂಪ ಎಂದ ಮಾತ್ರಕ್ಕೆ ಬೆಲೆ ಬರುತ್ತದೆ ಎಂದುಕೊಳ್ಳಬೇಡಿ. ಕೊಳ್ಳುವವರು ಇದ್ದರೆ ತಾನೇ ಬೆಲೆ?

15 ವರ್ಷ ಆದರೆ ಗುಜರಿಯೇ?

ಮೊದಲು ತಿಳಿಯಬೇಕಾದದ್ದು ಕಾನೂನು. "15 ವರ್ಷ ಆದ ಕಾರು ಓಡಿಸುವ ಹಾಗಿಲ್ಲ" ಎಂದು ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಇಲ್ಲಿಗೆ ಅನ್ವಯಿಸುವುದಿಲ್ಲ. ದೆಹಲಿ ಮತ್ತು ಸುತ್ತಲಿನ ಪ್ರದೇಶಕ್ಕೆ ಬಂದ ಆದೇಶಗಳನ್ನು ಜನ ದೇಶಕ್ಕೆಲ್ಲ ಹಚ್ಚಿ ಮಾತಾಡುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿ ಯೋಗ್ಯವಾಗಿದೆ ಎಂದು ತಪಾಸಣೆಯಲ್ಲಿ ಸಾಬೀತಾದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ನಮ್ಮದು 2013ರಲ್ಲಿ, 2018ರಲ್ಲಿ ನವೀಕರಣವಾಗಿತ್ತು. 2023ರ ಮೇ ತಿಂಗಳಲ್ಲಿ ಅವಧಿ ಮುಗಿಯಿತು. ಗಾಡಿಯೇ ನಿಂತಿದೆಯಲ್ಲ ಎಂದು ಯಾರೂ ಆರ್‌ಸಿ ತೆಗೆದು ನೋಡಲಿಲ್ಲ. ಆ ತಪ್ಪಿನ ಬೆಲೆ ಮುಂದೆ ಹೇಳುತ್ತೇನೆ.

ಇನ್ನೊಂದು ಪ್ರಶ್ನೆ, ಇದನ್ನು ವಿಂಟೇಜ್ ಎಂದು ಮಾಡಿಸಬಹುದೇ? ಆಗುವುದಿಲ್ಲ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಮಾತ್ರ ಆ ಗೌರವ. ಅದರ ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. ನಮ್ಮ ಎಸ್ಟೇಟ್ 2048ರವರೆಗೆ ಕಾಯಬೇಕು. ಅಂಥ ಹಳೆಯ ಕಾರುಗಳು ಹೇಗಿರುತ್ತವೆ ಎಂದು ನೋಡಬೇಕಾದರೆ ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದಲ್ಲಿರುವ 'ಪಯಣ' ಕಾರು ಸಂಗ್ರಹಾಲಯಕ್ಕೆ ಹೋಗಿ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹ ಅಲ್ಲಿದೆ. ಅಲ್ಲಿನ ಕಾರುಗಳು ನೋಡಲು ಇಟ್ಟವು. ನಮಗೆ ಬೇಕಿದ್ದದ್ದು ಓಡುವ ಕಾರು. ಇವೆರಡೂ ಬೇರೆ ಬೇರೆ ಕೆಲಸ.

ಮೊದಲು ಸ್ಕ್ರೂಡ್ರೈವರ್, ಆಮೇಲೆ ದುಡ್ಡು

ದಾದಾ ತಮ್ಮ ಹಳೆಯ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದರು. ನಾವೆಲ್ಲ ಅವರನ್ನು ಉಸ್ತಾದ್ ಎನ್ನುತ್ತೇವೆ. ಮೈಸೂರಿನ ಹಳೆಯ ಮೆಕ್ಯಾನಿಕ್‌ಗಳಿಗೆ ಹಳೆಯ ಗಾಡಿ ಎತ್ತುವುದು ಹೊಸದಲ್ಲ. ಐಡಿಯಲ್ ಜಾವಾ ಕಾರ್ಖಾನೆ ಇದ್ದ ಊರು ಇದು. 1960ರ ದಶಕದ ಆರಂಭದಿಂದ ಜಾವಾ, 1973ರಿಂದ ಯೆಜ್ಡಿ ಬೈಕುಗಳು ಇಲ್ಲಿಂದಲೇ ದೇಶಕ್ಕೆಲ್ಲ ಹೋದವು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಆದರೆ ಬೈಕುಗಳು ಇನ್ನೂ ಓಡುತ್ತಿವೆ. ಕಂಪನಿ ಇಲ್ಲದ ಗಾಡಿಯನ್ನು ಓಡಿಸುವುದು ಹೇಗೆ ಎಂಬ ವಿದ್ಯೆ ನಮ್ಮ ಊರಿನ ಶೆಡ್‌ಗಳಲ್ಲಿದೆ. ನಮ್ಮ ಉಸ್ತಾದ್ ಕೂಡ ಹುಡುಗನಾಗಿದ್ದಾಗ ಯೆಜ್ಡಿ ಬಿಚ್ಚಿ ಕಲಿತವರು.

ಅವರು ಬಾನೆಟ್ ತೆರೆಯಲೇ ಇಲ್ಲ. ನೆಲದ ಮೇಲೆ ಮಲಗಿ, ಒಂದು ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಅಡಿಯನ್ನು ಚುಚ್ಚುತ್ತಾ ಹೋದರು. "ಎಂಜಿನ್ ಹೋದರೆ ಇನ್ನೊಂದು ಸಿಗುತ್ತದೆ. ಅಡಿಪಾಯ ಹೋಗಿದ್ದರೆ ಗುಜರಿಗೆ ಕೊಟ್ಟುಬಿಡಿ, ನಾನೇ ಹೇಳುತ್ತೇನೆ" ಎಂದರು. ತುಕ್ಕಿನಲ್ಲಿ ಮೂರು ಹಂತ. ಮೇಲ್ಮೈ ತುಕ್ಕು ಉಜ್ಜಿದರೆ ಹೋಗುತ್ತದೆ. ಎರಡನೆಯದು ಸಣ್ಣ ಗುಂಡಿ ಬಿದ್ದ ತುಕ್ಕು, ತಗಡು ತೆಳುವಾಗಿರುತ್ತದೆ, ಆದರೆ ತಡೆಯಬಹುದು. ಮೂರನೆಯದರಲ್ಲಿ ಸ್ಕ್ರೂಡ್ರೈವರ್ ಒಳಗೇ ಹೋಗುತ್ತದೆ. ಅಲ್ಲಿ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವುದೊಂದೇ ದಾರಿ.

ನಮ್ಮ ಗಾಡಿಯ ಅಡಿಪಾಯ ಗಟ್ಟಿಯಾಗಿತ್ತು. ಬಾಗಿಲುಗಳ ಕೆಳಗಿನ ಅಂಚು ಎರಡನೇ ಹಂತದಲ್ಲಿತ್ತು. ಹಿಂದೆ ದೇಗ್ ಇಡುತ್ತಿದ್ದ ಜಾಗದ ಮ್ಯಾಟ್ ಎತ್ತಿದಾಗ ತಗಡಿನ ಮೇಲೆ ನಾಲ್ಕು ದುಂಡನೆಯ ತುಕ್ಕಿನ ಗುರುತು ಕಂಡವು. ಕಬ್ಬಿಣ, ನೀರು, ಗಾಳಿ ಸೇರಿದರೆ ತುಕ್ಕು. ಉಪ್ಪು ಸೇರಿದರೆ ಇನ್ನೂ ಬೇಗ. ಮದುವೆ ಮುಗಿದ ಮೇಲೆ ತೊಳೆದ ದೇಗ್‌ಗಳಿಂದ ಸೋರಿದ ನೀರು, ಅನ್ನ ಬಸಿದ ಉಪ್ಪುನೀರು ಹದಿನಾರು ವರ್ಷ ಆ ಮ್ಯಾಟಿನ ಕೆಳಗೆ ಸೇರಿತ್ತು. ತಪ್ಪು ಗಾಡಿಯದಲ್ಲ, ನಮ್ಮದೇ.

ಉಸ್ತಾದ್ ಹೇಳಿದಂತೆ ನಾನು ಪುಸ್ತಕದಲ್ಲಿ ಮೂರು ಕಾಲಂ ಹಾಕಿದೆ: ಪ್ರಾಣಕ್ಕೆ ಸಂಬಂಧಿಸಿದ್ದು, ಓಡುವುದಕ್ಕೆ ಬೇಕಾದದ್ದು, ಚೆಂದಕ್ಕೆ ಬೇಕಾದದ್ದು. ಬಡ್ಡಿ ಸಾಲ ಬೇಡ ಎಂಬುದು ದಾದಾ ಹಾಕಿದ ಷರತ್ತು. ಆಪಾಳ ಫೀಸು ಕಟ್ಟುವ ತಿಂಗಳು ಕೆಲಸ ನಿಲ್ಲಬೇಕು ಎಂಬುದು ಅಬ್ಬಾ ಹಾಕಿದ ಷರತ್ತು. ಹಾಗಾಗಿ ಕೈಯಲ್ಲಿ ಹಣ ಇದ್ದಷ್ಟು ಕೆಲಸ, ಹಣ ಮುಗಿದಾಗ ಗಾಡಿ ಶೆಡ್ಡಿನಲ್ಲಿ ಸುಮ್ಮನೆ. ಹಂತ ಹಂತವಾಗಿ ಮಾಡುವವರಿಗೆ ಕೆಲಸದ ಕ್ರಮ ತುಂಬಾ ಮುಖ್ಯ.

ಎಂಜಿನ್ ಎಬ್ಬಿಸುವುದು

ಐದು ವರ್ಷ ನಿಂತ ಗಾಡಿಗೆ ಹೊಸ ಬ್ಯಾಟರಿ ಹಾಕಿ ಕೀ ತಿರುಗಿಸುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ನಾನೂ ಅದನ್ನೇ ಮಾಡೋಣ ಎಂದಿದ್ದೆ. ನಿಂತ ಎಂಜಿನ್‌ನ ಸಿಲಿಂಡರ್ ಒಳಗಿನ ಎಣ್ಣೆ ಇಳಿದುಹೋಗಿ ಗೋಡೆ ಒಣಗಿರುತ್ತದೆ. ಪಿಸ್ಟನ್ ರಿಂಗುಗಳು ಅಲ್ಲಲ್ಲೇ ಹಿಡಿದುಕೊಂಡಿರುತ್ತವೆ. ಬಲವಂತವಾಗಿ ತಿರುಗಿಸಿದರೆ ಗೋಡೆ ಗೀರುತ್ತದೆ, ರಿಂಗು ಮುರಿಯುತ್ತದೆ.

ಡೀಸೆಲ್ ಎಂಜಿನ್‌ನಲ್ಲಿ ಪೆಟ್ರೋಲ್ ಗಾಡಿಯ ಹಾಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಜೋರಾಗಿ ಒತ್ತಿದಾಗ ಅದು ಬಿಸಿಯಾಗುತ್ತದೆ, ಆ ಬಿಸಿಗೆ ಡೀಸೆಲ್ ಹತ್ತಿಕೊಳ್ಳುತ್ತದೆ. ತಣ್ಣಗಿರುವಾಗ ಸಹಾಯಕ್ಕೆ ಹೀಟರ್ ಪ್ಲಗ್ ಇರುತ್ತವೆ. ಉಸ್ತಾದ್ ಆ ನಾಲ್ಕೂ ಹೀಟರ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಹಾಗೇ ಬಿಟ್ಟರು. ಆಮೇಲೆ ಮುಂದಿನ ಪುಲ್ಲಿಗೆ ಪಾನಾ ಹಾಕಿ ಕೈಯಿಂದಲೇ ನಿಧಾನವಾಗಿ ತಿರುಗಿಸಿದರು. ಮೊದಲು ಅಲುಗಲಿಲ್ಲ. ಹಿಂದೆ ಮುಂದೆ ಮಾಡುತ್ತಾ ಮಾಡುತ್ತಾ ಒಂದು ಸುತ್ತು ಬಂತು. ಪ್ಲಗ್‌ಗಳನ್ನು ಮತ್ತೆ ಹಾಕುವ ಮೊದಲೇ ಇನ್ನೂ ಹಲವು ಸುತ್ತು ತಿರುಗಿಸಿ ಉಳಿದ ಎಣ್ಣೆಯನ್ನು ಹೊರಗೆ ಹಾಕಿದರು. ಗಾಳಿಯನ್ನು ಒತ್ತಬಹುದು, ದ್ರವವನ್ನು ಒತ್ತಲಾಗುವುದಿಲ್ಲ. ಎಣ್ಣೆ ಒಳಗೇ ಉಳಿದಿದ್ದರೆ ಸ್ಟಾರ್ಟ್ ಮಾಡಿದಾಗ ಕನೆಕ್ಟಿಂಗ್ ರಾಡ್ ಬಾಗಿಬಿಡುತ್ತದೆ.

ಆಮೇಲೆ ಡೀಸೆಲ್ ಟ್ಯಾಂಕ್ ಇಳಿಸಿದೆವು. ಒಳಗಿದ್ದದ್ದು ಡೀಸೆಲ್ ಎನ್ನಲಾಗದಷ್ಟು ಕಪ್ಪಾಗಿತ್ತು, ತಳದಲ್ಲಿ ನೀರು ಮತ್ತು ಗಸಿ. ಟ್ಯಾಂಕ್ ತೊಳೆದು, ರಬ್ಬರ್ ಪೈಪುಗಳು, ಫಿಲ್ಟರುಗಳು, ಎಂಜಿನ್ ಆಯಿಲ್, ರೇಡಿಯೇಟರ್ ನೀರು ಎಲ್ಲ ಬದಲಾಯಿಸಿ, ಇಂಜೆಕ್ಟರುಗಳನ್ನು ಸರ್ವಿಸ್‌ಗೆ ಕೊಟ್ಟೆವು. ಕೊನೆಯ ಕೆಲಸ ಏರ್ ತೆಗೆಯುವುದು. ಡೀಸೆಲ್ ಪೈಪಿನಲ್ಲಿ ಗಾಳಿ ಇದ್ದರೆ ಎಂಜಿನ್ ಹತ್ತುವುದಿಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆಗಳು ನಿಲ್ಲುವವರೆಗೆ ಕೈಪಂಪು ಒತ್ತಬೇಕು. ಆ ಕೆಲಸ ನನಗೆ ಸಿಕ್ಕಿತು. ಮೂರನೇ ಸಲಕ್ಕೆ ಎಂಜಿನ್ ಹತ್ತಿದಾಗ ಶೆಡ್ಡು ತುಂಬ ಬಿಳಿ ಹೊಗೆ. ದಾದಾ ಕೆಮ್ಮುತ್ತಲೇ ನಗುತ್ತಿದ್ದರು.

ಓಡುವ ಮೊದಲು ನಿಲ್ಲಬೇಕು

ಎಂಜಿನ್ ಹತ್ತಿದ ಖುಷಿಯಲ್ಲಿ ಒಂದು ಸುತ್ತು ಹೋಗಿಬರೋಣ ಎಂದೆ. ಉಸ್ತಾದ್ ಕೀ ತೆಗೆದು ಜೇಬಿಗೆ ಹಾಕಿಕೊಂಡರು. ಬ್ರೇಕ್ ಆಯಿಲ್‌ಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ವರ್ಷಗಟ್ಟಲೆ ನಿಂತರೆ ಆ ತೇವದಿಂದ ಬ್ರೇಕಿನ ಸಿಲಿಂಡರುಗಳು ಒಳಗಿನಿಂದಲೇ ತುಕ್ಕು ಹಿಡಿಯುತ್ತವೆ. ಪೆಡಲ್ ಒತ್ತಿದಾಗ ಗಟ್ಟಿಯಾಗಿಯೇ ಇರುತ್ತದೆ, ಒಂದು ದಿನ ಇದ್ದಕ್ಕಿದ್ದಂತೆ ಇಳಿದುಬಿಡುತ್ತದೆ. ಹಿಂದಿನ ಡ್ರಮ್ ತೆಗೆದಾಗ ಎರಡೂ ವೀಲ್ ಸಿಲಿಂಡರ್ ಜಾಮ್ ಆಗಿದ್ದವು. ಮಾಸ್ಟರ್ ಸಿಲಿಂಡರ್, ಪೈಪುಗಳು, ಬ್ರೇಕ್ ಶೂ ಎಲ್ಲ ಹೊಸದು ಹಾಕಿದೆವು. ಟೈರುಗಳಲ್ಲಿ ಗೀರು ಇನ್ನೂ ಆಳವಾಗಿತ್ತು, ಆದರೆ ಪಕ್ಕದ ರಬ್ಬರ್ ಬಿರುಕು ಬಿಟ್ಟಿತ್ತು. ಅವೂ ಹೋದವು. ವೈರಿಂಗನ್ನು ಇಲಿಗಳು ಮೂರು ಕಡೆ ಕಡಿದಿದ್ದವು.

ಇದಾದ ಮೇಲೆ ಟಿಂಕರಿಂಗ್. ಆ ಕೆಲಸ ಮಾಡುವ ಅಣ್ಣ ಹಿಂದಿನ ತಗಡಿನ ನಾಲ್ಕು ದುಂಡನೆಯ ಗುರುತುಗಳನ್ನು ನೋಡಿ, "ಇದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಎರಡು ಸಾವಿರದಲ್ಲಿ ಮುಗಿಯುತ್ತದೆ, ಎರಡು ಮಳೆಗಾಲ ಬರುತ್ತದೆ. ಕತ್ತರಿಸಿದರೆ ಖರ್ಚು ಜಾಸ್ತಿ, ಆದರೆ ನಿಮ್ಮ ಕಾಲಕ್ಕೆ ಸಾಕು" ಎಂದರು. ಹೀಗೆ ಮೊದಲೇ ಬಾಯಿಬಿಟ್ಟು ಹೇಳುವ ಕೆಲಸಗಾರ ಸಿಗುವುದು ಅದೃಷ್ಟ. ಪುಟ್ಟಿ ತುಕ್ಕನ್ನು ಮುಚ್ಚುತ್ತದೆ, ನಿಲ್ಲಿಸುವುದಿಲ್ಲ. ಆ ಗುರುತುಗಳನ್ನು ಉಳಿಸಿಕೊಳ್ಳಬೇಕೆಂದು ನನಗಿತ್ತು. ದಾದಾ ಒಂದು ನಿಮಿಷ ನೋಡಿ, "ಕತ್ತರಿಸಿ" ಎಂದರು. ಬ್ಯಾಟರಿ ಕಳಚಿ, ಟ್ಯಾಂಕ್ ಇಳಿಸಿಯೇ ವೆಲ್ಡಿಂಗ್ ಮಾಡಿದರು. ಹೊಸ ತಗಡು, ಅದರ ಮೇಲೆ ರೆಡ್ ಆಕ್ಸೈಡ್, ಅಡಿಗೆ ಕಪ್ಪು ಕೋಟಿಂಗ್. ಬಾಗಿಲಿನ ಕೆಳಗೆ ನೀರು ಹೋಗಲು ಇರುವ ಸಣ್ಣ ತೂತುಗಳು ಮಣ್ಣು ತುಂಬಿ ಮುಚ್ಚಿದ್ದವು, ಅವನ್ನೂ ತೆರೆದರು.

ಬಿಡಿಭಾಗದ ವಿಷಯದಲ್ಲಿ ಒಂದು ಸಮಾಧಾನವಿತ್ತು. ಇದೇ 1,948 ಸಿಸಿ ಎಂಜಿನ್ ಸುಮೋದಲ್ಲೂ ಬಂದಿದೆ. ಹಾಗಾಗಿ ಎಂಜಿನ್ ಸಾಮಾನು ಮೈಸೂರಲ್ಲೇ ಸಿಕ್ಕಿತು. ಕಷ್ಟವಾದದ್ದು ಎಸ್ಟೇಟ್‌ಗೆ ಮಾತ್ರ ಇರುವ ಭಾಗಗಳು, ಅಂದರೆ ಹಿಂಬಾಗಿಲಿನ ರಬ್ಬರ್ ಬೀಡಿಂಗ್, ಹಿಂದಿನ ಲೈಟು. ಅದಕ್ಕಾಗಿ ಅಬ್ಬಾ ಮತ್ತು ನಾನು ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಎರಡನ್ನೂ ಒಂದು ಭಾನುವಾರ ಸುತ್ತಿದೆವು. ಲೈಟು ಒಂದು ಸಿಕ್ಕಿತು. ಬೀಡಿಂಗ್ ಸಿಗಲಿಲ್ಲ, ಬೇರೆ ಗಾಡಿಯದನ್ನು ಕತ್ತರಿಸಿ ಕೂರಿಸಿದ್ದೇವೆ. ವಾಪಸ್ ಬರುವಾಗ ರೈಲಿನಲ್ಲಿ ಅಬ್ಬಾ ಆ ಲೈಟನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಇಸ್ರಾಫ್ ಎಂಬ ಪದ ಅವರ ಬಾಯಲ್ಲಿ ಆಮೇಲೆ ಕೇಳಲಿಲ್ಲ.

ಕಾಗದ ಮತ್ತು ಪರೀಕ್ಷೆ

ಗಾಡಿ ಎಷ್ಟೇ ಚೆನ್ನಾಗಿ ಓಡಿದರೂ ಅದರ ಗುರುತು ಇರುವುದು ಷಾಸಿ ನಂಬರಿನಲ್ಲಿ. ತಪಾಸಣೆಗೆ ಬರುವ ಇನ್‌ಸ್ಪೆಕ್ಟರ್ ಆರ್‌ಸಿಯಲ್ಲಿರುವ ನಂಬರನ್ನು ಲೋಹದ ಮೇಲೆ ಕೊರೆದ ನಂಬರಿಗೆ ಹೋಲಿಸಿ ನೋಡುತ್ತಾರೆ. ಶೆಡ್ಡಿನ ಹುಡುಗ ಎಲ್ಲ ತುಕ್ಕನ್ನೂ ಗ್ರೈಂಡಿಂಗ್ ಮೆಷಿನ್‌ನಿಂದ ಉಜ್ಜುತ್ತಾ ಆ ಜಾಗಕ್ಕೇ ಬಂದಿದ್ದ. ಉಸ್ತಾದ್ ಕೂಗಿ ನಿಲ್ಲಿಸಿದರು. ಇನ್ನೆರಡು ಕ್ಷಣ ತಡವಾಗಿದ್ದರೆ ನಮ್ಮ ಕಾರು ಹೆಸರಿಲ್ಲದ ಕಾರಾಗುತ್ತಿತ್ತು. ಆ ಭಾಗವನ್ನು ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆ ಮತ್ತು ಮೆತ್ತನೆಯ ಬ್ರಷ್‌ನಿಂದ ಒಂದಿಡೀ ಮಧ್ಯಾಹ್ನ ಉಜ್ಜಿದೆ. ಅಂಕಿಗಳು ಒಂದೊಂದಾಗಿ ಕಂಡವು. ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡೆವು.

ಇನ್ಶೂರೆನ್ಸ್ ಇಲ್ಲದೆ ಗಾಡಿ ರಸ್ತೆಗಿಳಿಯುವ ಹಾಗಿಲ್ಲ. ಮನೆಯಿಂದ ಶೆಡ್ಡಿಗೂ ಅದನ್ನು ಟೋಯಿಂಗ್ ಗಾಡಿಯ ಮೇಲೇ ತಂದಿದ್ದೆವು. 1,500 ಸಿಸಿಗಿಂತ ದೊಡ್ಡ ಎಂಜಿನ್ ಇರುವ ಸ್ವಂತ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 7,897 ರೂಪಾಯಿ, ಅದರ ಮೇಲೆ ಶೇಕಡ 18 ಜಿಎಸ್‌ಟಿ. ನಂತರ ಹೊಗೆ ಪರೀಕ್ಷೆ. ಡೀಸೆಲ್ ಗಾಡಿಯ ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಬರುವ ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುತ್ತಾರೆ. ನಮ್ಮದು ಕಪ್ಪು ಹೊಗೆ ಬಿಟ್ಟು ಫೇಲಾಯಿತು. ಹೊಗೆಯ ಬಣ್ಣವೇ ರೋಗ ಹೇಳುತ್ತದೆ. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿಯಾದರೆ ಡೀಸೆಲ್ ಸರಿಯಾಗಿ ಹತ್ತುತ್ತಿಲ್ಲ ಅಥವಾ ನೀರು ಸೇರುತ್ತಿದೆ. ಕಪ್ಪಾದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ನೀಲಿ ಬಂದಿದ್ದರೆ ಎಂಜಿನ್ ಪೂರ್ತಿ ಬಿಚ್ಚಬೇಕಿತ್ತು, ಅಷ್ಟು ಹಣ ನಮ್ಮಲ್ಲಿರಲಿಲ್ಲ. ಕಪ್ಪು ಎಂದು ಕೇಳಿ ಉಸ್ತಾದ್ ನಿಟ್ಟುಸಿರು ಬಿಟ್ಟರು. ಗಾಳಿ ಹೋಗುವ ಪೈಪಿನೊಳಗೆ ಇಲಿಗಳು ಗೂಡು ಕಟ್ಟಿದ್ದವು. ಅದನ್ನು ತೆಗೆದು, ಪಂಪನ್ನು ಸರಿಹೊಂದಿಸಿದ ಮೇಲೆ ಎರಡನೇ ಸಲ ಪಾಸು.

ನೋಂದಣಿ ನವೀಕರಣಕ್ಕೆ ಫಾರಂ 25. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ನಾವು ಹಾಕಿದ್ದು 30 ತಿಂಗಳು ತಡವಾಗಿ, ನವೆಂಬರ್‌ನಲ್ಲಿ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ ನವೀಕರಣ ಶುಲ್ಕ 10,000 ರೂಪಾಯಿ. ಅದಕ್ಕೂ ಮೊದಲು 5,000 ಇತ್ತು. ತಡವಾದ ಪ್ರತಿ ತಿಂಗಳಿಗೆ 500ರಂತೆ ಮತ್ತೆ 15,000. ಗಾಡಿ ನಿಂತರೂ ಕಾಗದ ಓಡುತ್ತಲೇ ಇರುತ್ತದೆ ಎಂದು ನಮಗೆ ಅರ್ಥವಾದದ್ದು ಆಗ.

ಲೆಕ್ಕ

ಈಗ ನನ್ನ ಪುಸ್ತಕ ತೆರೆಯುತ್ತೇನೆ.

ಎಂಜಿನ್, ಟ್ಯಾಂಕ್, ಇಂಜೆಕ್ಟರ್: 16,500
ಟಿಂಕರಿಂಗ್: 24,000
ಬ್ರೇಕ್: 9,800
ಬ್ಯಾಟರಿ, ವೈರಿಂಗ್: 8,700
ನಾಲ್ಕು ಟೈರು: 15,200
ರಬ್ಬರ್, ಲೈಟು: 4,800
ಹೊಸ ತಗಡಿನ ಭಾಗಕ್ಕೆ ಮಾತ್ರ ಬಣ್ಣ: 7,000
ನವೀಕರಣ ಮತ್ತು ವಿಳಂಬ ಶುಲ್ಕ: 25,000
ಇನ್ಶೂರೆನ್ಸ್: 9,318
ಓಡಾಟ ಮತ್ತು ಸಣ್ಣ ಶುಲ್ಕಗಳು: 1,450
ಒಟ್ಟು: 1,21,768 ರೂಪಾಯಿ

ಇಷ್ಟೇ ಅಲ್ಲ. ಗುಜರಿಯಿಂದ ಬರಬಹುದಾಗಿದ್ದ 26,000 ನಮ್ಮ ಅವಕಾಶ ವೆಚ್ಚ. ಅದನ್ನೂ ಸೇರಿಸಿದರೆ 1,47,768. ಪೂರ್ತಿ ಬಣ್ಣ ಮಾಡಿಸಿಲ್ಲ, ಅದು ಮೂರನೇ ಕಾಲಂ, ಹಾಗಾಗಿ ಮುಂದಕ್ಕೆ ಹೋಯಿತು. ನಮ್ಮ ಕಾರು ಈಗ ನೋಡಲು ಎರಡು ಬಣ್ಣ.

ದಾದಾ ಕೊಟ್ಟ ಒಂದೂವರೆ ಲಕ್ಷವನ್ನು ಕಾರಿನ ಮೇಲೆ ಈಗಿರುವ ಶೇಕಡ 15ರ ದರದಲ್ಲಿ, ಇಳಿಮುಖ ಬಾಕಿ ಪದ್ಧತಿಯಂತೆ 21 ವರ್ಷ ಸವಕಳಿ ಕಳೆದು ನೋಡಿದೆ. ಉಳಿದದ್ದು 5,000ಕ್ಕೂ ಸ್ವಲ್ಪ ಕಡಿಮೆ. 5,000ದ ಆಸ್ತಿಗೆ ಒಂದೂವರೆ ಲಕ್ಷದ ಹತ್ತಿರ ಹಾಕಿದ್ದೇವೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ಹಳೆಯ ಕಾರಿಗೆ ಹೊಂದುವುದಿಲ್ಲ. ಇನ್ನೊಂದು ಎಚ್ಚರಿಕೆ ಮುಳುಗಿದ ವೆಚ್ಚದ್ದು. "ಇಷ್ಟು ಹಾಕಿದ್ದೇವೆ, ಇನ್ನಷ್ಟು ಹಾಕೋಣ" ಎಂಬ ಯೋಚನೆ ಬಂದಾಗಲೆಲ್ಲ ಹಾಕಿದ್ದನ್ನು ಮರೆತು, ಇನ್ನು ಹಾಕುವುದಕ್ಕೆ ಬೆಲೆ ಇದೆಯೇ ಎಂದು ಕೇಳಬೇಕು. ನೀಲಿ ಹೊಗೆ ಬಂದಿದ್ದರೆ ನಾನೇ ಗುಜರಿ ಎಂದು ಬರೆಯುತ್ತಿದ್ದೆ.

ಹಾಗಾದರೆ ನಾನು ಅಬ್ಬಾಗೆ ಏನು ಹೇಳಿದೆ? ಹಣದ ಲೆಕ್ಕದಲ್ಲಿ ನೀವೇ ಸರಿ ಎಂದೆ. ಆದರೆ ಬರೆಯಲು ಕೂತಾಗ ಇನ್ನೊಂದು ವಿಷಯ ಸಿಕ್ಕಿತ್ತು. ರಾತ್ರಿ ಯಾರಿಗಾದರೂ ಹುಷಾರಿಲ್ಲ ಎಂದರೆ ನಮ್ಮ ಬೀದಿಯವರು ಬಡಿಯುತ್ತಿದ್ದದ್ದು ದಾದಾರ ಬಾಗಿಲನ್ನು. ಸೀಟು ಮಡಚಿದರೆ ರೋಗಿಯನ್ನು ಮಲಗಿಸಬಹುದಾಗಿತ್ತು. ನಮ್ಮ ದಾದಿಯನ್ನೂ ಹಾಗೆಯೇ ಕೆ.ಆರ್. ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು. ಈ ಓಡಾಟಕ್ಕೆ ದಾದಾ ಯಾರಿಂದಲೂ ಹಣ ತೆಗೆದುಕೊಂಡಿಲ್ಲ, ಹಾಗಾಗಿ ಯಾವ ಪುಸ್ತಕದಲ್ಲೂ ಇದು ಬರೆದಿಲ್ಲ. ಈಗ 108 ಇದೆ, ಆ ಅಗತ್ಯ ಕಡಿಮೆಯಾಗಿದೆ ಎನ್ನುವುದೂ ನಿಜ. ನಮ್ಮ ಅಕೌಂಟೆನ್ಸಿ ಪಾಠದಲ್ಲಿ ಗುಡ್‌ವಿಲ್ ಬರುತ್ತದೆ. ಕೊಂಡ ಗುಡ್‌ವಿಲ್ ಅನ್ನು ಪುಸ್ತಕದಲ್ಲಿ ತೋರಿಸಬಹುದು. ತಾವೇ ದುಡಿದು ಗಳಿಸಿದ ಗುಡ್‌ವಿಲ್ ಅನ್ನು ತೋರಿಸುವ ಹಾಗಿಲ್ಲ. ತೋರಿಸುವ ಹಾಗಿಲ್ಲ ಎಂದರೆ ಇಲ್ಲ ಎಂದು ಅರ್ಥವಲ್ಲ. ಇದನ್ನು ಅಬ್ಬಾಗೆ ಹೇಳಿದಾಗ ಅವರು ಉತ್ತರ ಕೊಡದೆ ಗುಜರಿಯವರಿಗೆ ಫೋನ್ ಮಾಡಿ ಬೇಡ ಎಂದರು.

ಡಿಸೆಂಬರ್‌ನಲ್ಲಿ ಎದುರು ಮನೆಯ ಅಜ್ಜಿಗೆ ಸೊಂಟದ ಆಪರೇಷನ್ ಆಗಿ ಡಿಸ್ಚಾರ್ಜ್ ಮಾಡಿದರು. ಕೂತು ಬರಲು ಆಗುತ್ತಿರಲಿಲ್ಲ. ಅವರ ಮಗ ಬಂದು, "ಚಾಚಾ, ಗಾಡಿ ಸರಿಯಾಗಿದೆಯಂತೆ" ಎಂದು ಮಾತ್ರ ಹೇಳಿದರು. ಹೊಸ ತಗಡಿನ ಮೇಲೆ ಹಾಸಿಗೆ ಹಾಕಿ ಅವರನ್ನು ಮನೆಗೆ ತಂದೆವು. ಡೀಸೆಲ್‌ನ ಹಣ ದಾದಾ ತೆಗೆದುಕೊಳ್ಳಲಿಲ್ಲ. ನನ್ನ ಪುಸ್ತಕದಲ್ಲಿ ಆ ದಿನ ಖರ್ಚಿನ ಕಡೆ 300 ರೂಪಾಯಿ ಇದೆ, ಜಮಾ ಕಡೆ ಏನೂ ಇಲ್ಲ.

ನಿಮ್ಮ ಮನೆಯಲ್ಲೂ ಇದ್ದರೆ

ಮೊದಲು ಆರ್‌ಸಿ ತೆಗೆದು ಅವಧಿ ನೋಡಿ. ಬ್ಯಾಟರಿ ಕಳಚಿಡಿ. ಒಳಗಿನ ಮ್ಯಾಟ್‌ಗಳನ್ನು ತೆಗೆದು ಒಣಗಿಸಿ, ಟಾರ್ಪಾಲಿನ್ ಕೆಳಗೆ ಗಾಳಿಯಾಡುವ ಹಾಗೆ ಬಿಡಿ. ಕೀ ತಿರುಗಿಸಬೇಡಿ. ತಿಳಿದವರನ್ನು ಕರೆಸಿ, ಬಾನೆಟ್‌ಗಿಂತ ಮೊದಲು ಅಡಿಯನ್ನು ನೋಡಿಸಿ. ಅಡಿಪಾಯ ಹೋಗಿದ್ದರೆ ಸರ್ಕಾರದಿಂದ ಮಾನ್ಯತೆ ಪಡೆದ ಗುಜರಿ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆಯಿರಿ, ಹೊಸ ಗಾಡಿ ಕೊಳ್ಳುವಾಗ ತೆರಿಗೆಯಲ್ಲಿ ರಿಯಾಯಿತಿಗೆ ಬರುತ್ತದೆ. ಅಡಿಪಾಯ ಗಟ್ಟಿಯಿದ್ದರೆ ಮೂರು ಕಾಲಂ ಹಾಕಿ ಲೆಕ್ಕ ಬರೆಯಿರಿ. ಕೊನೆಗೆ, ಈ ಗಾಡಿ ನಮಗೆ ಯಾಕೆ ಬೇಕು ಎಂದು ಮನೆಯ ಹಿರಿಯರನ್ನು ಕೇಳಿ. ಉತ್ತರ "ಸುಮ್ಮನೆ ಇರಲಿ" ಎಂದಾದರೆ ಮಾರಿಬಿಡಿ. ಬೇರೆ ಉತ್ತರ ಬಂದರೆ ಕೂತು ಪೂರ್ತಿ ಕೇಳಿಸಿಕೊಂಡು, ಆಮೇಲೆ ಲೆಕ್ಕ ಹಾಕಿ.